ಸೆರಾಮಿಕ್ ರೇಡೋಮ್: ಕಾರವಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸೆರಾಮಿಕ್ ಕೆಲಸದಲ್ಲಿ ವರ್ಷಗಟ್ಟಲೆ ಕಳೆದು ಊರಿಗೆ ಮರಳಿದ ಮೇಲೆ ಬೈತಖೋಲದ ಬಂದರಿನಲ್ಲಿ, ಕಾಲೇಜಿನ ಹುಡುಗರ ನಡುವೆ, ಒಮ್ಮೊಮ್ಮೆ ಮದುವೆಮನೆಯ ಪಂಕ್ತಿಯಲ್ಲಿಯೂ ನನಗೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಹಾಕಿದ್ದೇನೆ. ಕದಂಬ ನೌಕಾನೆಲೆ ಹತ್ತಿರವೇ ಇರುವುದರಿಂದ ನಮ್ಮವರಿಗೆ ರೇಡಾರ್ ಎಂಬ ಶಬ್ದ ಹೊಸದಲ್ಲ. ಆದರೆ ಆ ನೆಲೆಯ ಒಳಗಿನ ವಿಷಯಕ್ಕೂ ಈ ಬರಹಕ್ಕೂ ಯಾವ ಸಂಬಂಧವೂ ಇಲ್ಲ. ಇಲ್ಲಿರುವುದು ಪಠ್ಯಪುಸ್ತಕದಲ್ಲಿ ಸಿಗುವ ತಿಳಿವಳಿಕೆ ಮತ್ತು ಕೈಗೆ ಮಣ್ಣು ಮೆತ್ತಿಕೊಂಡು ಕಲಿತ ಒಂದಿಷ್ಟು ಪಾಠ.

ರೇಡೋಮ್ ಎಂದರೆ ಏನು?

ರೇಡಾರಿನ ಆಂಟೆನಾಕ್ಕೆ ಹೊದಿಸುವ ಚಿಪ್ಪಿಗೆ ರೇಡೋಮ್ ಎನ್ನುತ್ತಾರೆ. ರೇಡಾರ್ ಮತ್ತು ಡೋಮ್ ಎಂಬ ಎರಡು ಶಬ್ದಗಳು ಕೂಡಿ ಆದ ಹೆಸರಿದು. ಮಳೆ, ಗಾಳಿ, ಉಪ್ಪು, ಹಕ್ಕಿಯ ಹಿಕ್ಕೆ, ವೇಗದ ಹಾರಾಟದಲ್ಲಿ ಹುಟ್ಟುವ ಕಾವು ಇವೆಲ್ಲವನ್ನೂ ಹೊರಗೇ ತಡೆದು, ರೇಡಿಯೊ ಅಲೆಗಳನ್ನು ಮಾತ್ರ ಆಚೀಚೆ ಬಿಡುವುದು ಅದರ ಕೆಲಸ. ಹಲವರು ಅದನ್ನು ಮೀನುಗಾರನ ತಲೆಯ ಟೊಪ್ಪಿಯಂತೆ ಭಾವಿಸುತ್ತಾರೆ. ನಾನು ಹೇಳುವುದು ಬೇರೆ: ರೇಡೋಮ್ ಆಂಟೆನಾದ ಒಂದು ಅಂಗ, ಕನ್ನಡಕದ ಗಾಜು ಕಣ್ಣಿನ ನೋಟದ ಅಂಗವಾದ ಹಾಗೆ. ಗಾಜು ಸೊಟ್ಟಗಿದ್ದರೆ ನೋಟವೂ ಸೊಟ್ಟಗಾಗುತ್ತದೆ.

ನಮ್ಮ ಟ್ರಾಲರ್ ದೋಣಿಗಳ ಮೇಲಿರುವ ಬಿಳಿ ಡಬ್ಬಿಯೂ ಸೆರಾಮಿಕ್ಕೇ?

ಅಲ್ಲ, ಅದು ಪ್ಲಾಸ್ಟಿಕ್ ಅಥವಾ ಫೈಬರ್ ಗಾಜಿನದ್ದು. ಗಂಟೆಗೆ ಹತ್ತು ಹನ್ನೆರಡು ಮೈಲು ಸಾಗುವ ದೋಣಿಗೆ ಅಷ್ಟು ಸಾಕು. ಪಣಜಿಯಲ್ಲಿರುವ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರಿನಂತಹ ದೊಡ್ಡ ನೆಲದ ರೇಡಾರುಗಳ ದುಂಡು ಗುಮ್ಮಟವೂ ಸಾಮಾನ್ಯವಾಗಿ ಫೈಬರ್ ಜಾತಿಯದೇ.

ಆದರೂ ಈ ಬಿಳಿ ಡಬ್ಬಿಯಿಂದ ಒಂದು ಪಾಠ ಕಲಿಯಬಹುದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುವುದು ವಾಡಿಕೆ. ಹಾಗೆ ಬಣ್ಣ ಬಳಿದ ಒಬ್ಬರು ಆಗಸ್ಟಿನಲ್ಲಿ ನನ್ನನ್ನು ಕರೆದು, "ಸರ್, ಮೆಷಿನ್ ಸತ್ತಿದೆ, ಪರದೆಯ ಮೇಲೆ ಏನೂ ಕಾಣುವುದಿಲ್ಲ" ಎಂದರು. ಮೆಷಿನ್ ಚೆನ್ನಾಗಿಯೇ ಇತ್ತು. ಕಟಕಟೆಗೆ ಬಳಿದು ಉಳಿದ ಬೆಳ್ಳಿಬಣ್ಣವನ್ನು ಹುಡುಗರು ಚೆಂದಕ್ಕೆಂದು ಡಬ್ಬಿಗೂ ಎರಡು ಕೈ ಬಳಿದಿದ್ದರು. ಆ ಬಣ್ಣದಲ್ಲಿದ್ದುದು ಅಲ್ಯುಮಿನಿಯಂ ಪುಡಿ, ಎಂದರೆ ರೇಡಾರಿನ ಮುಖಕ್ಕೆ ಅವರು ಲೋಹದ ಪರದೆಯನ್ನೇ ಎಳೆದಿದ್ದರು. ಬಣ್ಣವನ್ನು ಕೆರೆದು ತೆಗೆದ ಸಂಜೆ ಕೂರ್ಮಗಡ ದ್ವೀಪ ಪರದೆಯ ಮೇಲೆ ಮತ್ತೆ ಮೂಡಿತು.

ಹಾಗಾದರೆ ಸೆರಾಮಿಕ್ ಬೇಕಾಗುವುದು ಎಲ್ಲಿ?

ಶಬ್ದದ ವೇಗವನ್ನು ಹಲವು ಪಟ್ಟು ಮೀರುವ, ಗುರಿ ಹುಡುಕುವ ರೇಡಾರನ್ನು ಹೊತ್ತ ಕ್ಷಿಪಣಿಗಳ ಮೂತಿಯಲ್ಲಿ. ಎದುರಿನ ಗಾಳಿ ಒತ್ತಲ್ಪಟ್ಟು ಕಾಯುತ್ತದೆ. 15 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ಮೂರು ಪಟ್ಟು ವೇಗದಲ್ಲಿ ಸಾಗುವ ವಸ್ತುವಿನ ತುದಿಯಲ್ಲಿ ಗಾಳಿಯ ಉಷ್ಣತೆ ಲೆಕ್ಕದ ಪ್ರಕಾರ 530 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಸಾಮಾನ್ಯ ರಾಳದ ಫೈಬರ್ ಅಲ್ಲಿ ಸುಟ್ಟು ಕರಿಯಾಗುತ್ತದೆ, ಮತ್ತು ಕರಿ ಎಂದರೆ ಇಂಗಾಲ, ಅದು ಅಲೆಯನ್ನು ನುಂಗುತ್ತದೆ. ಲೋಹ ಕಾವನ್ನು ತಡೆದರೂ ಅಲೆಯನ್ನು ಒಳಗೆ ಬಿಡುವುದಿಲ್ಲ. ಕಾವು ತಡೆಯಬೇಕು, ಅಲೆ ಬಿಡಬೇಕು, ಮಳೆಹನಿಯ ಪೆಟ್ಟಿಗೆ ಸವೆಯಬಾರದು ಎಂಬ ಮೂರು ಷರತ್ತುಗಳನ್ನು ಒಟ್ಟಿಗೆ ಇಟ್ಟಾಗ ಕೈಯಲ್ಲಿ ಉಳಿಯುವುದು ಸೆರಾಮಿಕ್ ಒಂದೇ.

ಗೋಡೆ ತೆಳ್ಳಗಾದಷ್ಟೂ ಅಲೆ ಸಲೀಸಾಗಿ ಹೋಗುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ಮತ್ತು ಇದರ ಉತ್ತರ ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಲೆಯುದ್ದದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ತೆಳುವಾದ ಗೋಡೆ ಅಲೆಗೆ ಅಷ್ಟಾಗಿ ಅಡ್ಡಬರುವುದಿಲ್ಲ ಎಂಬುದು ನಿಜ. ಆದರೆ 10 ಗಿಗಾಹರ್ಟ್ಸ್ ಅಲೆಯ ಉದ್ದ ಬರೀ 30 ಮಿ.ಮೀ.; ಸೆರಾಮಿಕ್ಕಿನ ಒಳಗೆ ಅದು ಇನ್ನೂ ಕುಗ್ಗುತ್ತದೆ. ಅದರ ಇಪ್ಪತ್ತನೇ ಪಾಲು ಎಂದರೆ ಮೊಟ್ಟೆಯ ಚಿಪ್ಪಿನ ಸಮೀಪದ ದಪ್ಪ. ಕ್ಷಿಪಣಿಯ ಮೂತಿಯಲ್ಲಿ ಅದು ಒಂದು ಕ್ಷಣವೂ ಬಾಳದು.

ದಪ್ಪ ಮಾಡಲೇಬೇಕು ಎಂದಾದ ಮೇಲೆ ಎಷ್ಟು ದಪ್ಪ ಎಂಬುದೇ ಲೆಕ್ಕ. ಅಲೆ ಗೋಡೆಯ ಹೊರಮುಖಕ್ಕೆ ತಾಗಿದಾಗ ಒಂದು ಪಾಲು ಹಿಂದಕ್ಕೆ ಚಿಮ್ಮುತ್ತದೆ, ಒಳಹೊಕ್ಕ ಪಾಲಿನಲ್ಲಿ ಇನ್ನೊಂದಿಷ್ಟು ಒಳಮುಖದಿಂದ ಹಿಂದಿರುಗುತ್ತದೆ. ಗೋಡೆಯ ದಪ್ಪ, ಆ ಸಾಮಗ್ರಿಯೊಳಗಿನ ಅಲೆಯುದ್ದದ ಸರಿಯಾಗಿ ಅರ್ಧದಷ್ಟು ಇದ್ದರೆ ಹೀಗೆ ಹಿಂದಿರುಗುವ ಎರಡು ಪಾಲುಗಳು ಒಂದಕ್ಕೊಂದು ವಿರುದ್ಧವಾಗಿ ಬಂದು ಅಳಿಸಿಹೋಗುತ್ತವೆ, ಅಲೆ ಹೆಚ್ಚುಕಡಿಮೆ ಪೂರ್ತಿ ದಾಟುತ್ತದೆ. ಇದನ್ನು ಅರ್ಧ ಅಲೆಯ ಗೋಡೆ ಎನ್ನುತ್ತಾರೆ. ಸಾಮಗ್ರಿಯ ಡೈಎಲೆಕ್ಟ್ರಿಕ್ ಸ್ಥಿರಾಂಕದ (ಅಲೆಯನ್ನು ಆ ಸಾಮಗ್ರಿ ಎಷ್ಟು ಕುಗ್ಗಿಸುತ್ತದೆ ಎಂಬುದನ್ನು ಹೇಳುವ ಸಂಖ್ಯೆ) ವರ್ಗಮೂಲದಿಂದ ಅಲೆಯುದ್ದವನ್ನು ಭಾಗಿಸಿ, ಬಂದದ್ದನ್ನು ಮತ್ತೆ ಅರ್ಧ ಮಾಡಿದರೆ ಈ ದಪ್ಪ ಸಿಗುತ್ತದೆ. ಎರಕದ ಫ್ಯೂಸ್ಡ್ ಸಿಲಿಕಾದ, ಎಂದರೆ ಶುದ್ಧ ಮರಳನ್ನು ಕರಗಿಸಿ ಮಾಡಿದ ಗಾಜಿನ, ಸ್ಥಿರಾಂಕ 3.4ರ ಆಸುಪಾಸು, ಆದ್ದರಿಂದ 10 ಗಿಗಾಹರ್ಟ್ಸ್‌ಗೆ ದಪ್ಪ 8.1 ಮಿ.ಮೀ.; ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡ್) ಸ್ಥಿರಾಂಕ 9.6 ಎಂದು ಹಿಡಿದರೆ 4.8 ಮಿ.ಮೀ.

ಇದು ಅಲೆ ಗೋಡೆಗೆ ನೇರವಾಗಿ ತಾಗಿದಾಗಿನ ಮಾತು. ಮೂತಿ ಬಾಳೆಯ ಮೊಗ್ಗಿನಂತೆ ಚೂಪಾಗಿರುವುದರಿಂದ ಅಲೆ ಓರೆಯಾಗಿ ತಾಗುತ್ತದೆ. ಅದೇ ಸಿಲಿಕಾಗೆ 60 ಡಿಗ್ರಿ ಓರೆಯಲ್ಲಿ ಬೇಕಾಗುವ ದಪ್ಪ 9.2 ಮಿ.ಮೀ.; ಎಂದರೆ ತುದಿಯಿಂದ ಬುಡದವರೆಗೆ ದಪ್ಪವನ್ನು ಲೆಕ್ಕಹಾಕಿ ಬದಲಿಸುತ್ತ ಹೋಗಬೇಕಾಗುತ್ತದೆ. ದಪ್ಪ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದು ಮಗ್ಗುಲಿಗೆ ಕಡಿಮೆ ಆದರೆ ಅಲೆಯ ದಿಕ್ಕೇ ಸ್ವಲ್ಪ ವಾಲುತ್ತದೆ, ಗುರಿ ಇದ್ದ ಜಾಗದಲ್ಲಿ ಕಾಣದೆ ಪಕ್ಕದಲ್ಲಿ ಕಾಣುತ್ತದೆ. ನೀರಿನಲ್ಲಿ ನಿಂತ ಮೀನಿಗೆ ಗಾಳ ಎಸೆದವರಿಗೆ ಈ ಮೋಸ ಗೊತ್ತಿರುತ್ತದೆ.

ಯಾವ ಯಾವ ಸಾಮಗ್ರಿಗಳಿವೆ, ಯಾವುದು ಒಳ್ಳೆಯದು?

ಅಲ್ಯುಮಿನಾ ಗಟ್ಟಿ, ಎಲ್ಲ ಕಡೆ ಸಿಗುವಂಥದ್ದು, ಆದರೆ ಹಠಾತ್ ಕಾವಿಗೆ ಸೀಳುತ್ತದೆ. ಕಾದಂತೆ ಅದರ ಸ್ಥಿರಾಂಕವೂ ಏರುವುದರಿಂದ ನೆಲದ ಮೇಲೆ ಸರಿಯಾಗಿದ್ದ ದಪ್ಪ ಹಾರಾಟದಲ್ಲಿ ತಪ್ಪಾಗುತ್ತದೆ. ದಪ್ಪದಲ್ಲಿ 0.1 ಮಿ.ಮೀ. ತಪ್ಪಾದರೆ 10 ಗಿಗಾಹರ್ಟ್ಸ್ ಅಲೆಯ ಹಂತ (ಏರಿಳಿತದಲ್ಲಿ ಅಲೆ ಇರುವ ಜಾಗ; ಒಂದು ಪೂರ್ತಿ ಅಲೆಗೆ 360 ಡಿಗ್ರಿ) ಅಲ್ಯುಮಿನಾದಲ್ಲಿ ಸುಮಾರು ಎರಡೂವರೆ ಡಿಗ್ರಿ ಸರಿಯುತ್ತದೆ, ಸಿಲಿಕಾದಲ್ಲಿ ಒಂದೇ ಡಿಗ್ರಿ. ತಪ್ಪನ್ನು ಕ್ಷಮಿಸುವ ಗುಣದಲ್ಲಿ ಸಿಲಿಕಾ ಹೀಗೆ ಮೇಲುಗೈ.

ಪೈರೋಸೆರಾಮ್ ಎಂಬುದು ಗಾಜನ್ನು ಹರಳುಗಟ್ಟಿಸಿ ಮಾಡುವ ಸಾಮಗ್ರಿ, ಸ್ಥಿರಾಂಕ 5.5ರ ಹತ್ತಿರ. ಅದರ ಹುಟ್ಟು ಒಂದು ಅಚಾತುರ್ಯದಿಂದ ಆಯಿತು. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ 600 ಡಿಗ್ರಿಗೆ ಕಾಯಿಸಬೇಕೆಂದಿದ್ದ ಗಾಜಿನ ತುಂಡು, ಕುಲುಮೆಯ ನಿಯಂತ್ರಣ ಕೆಟ್ಟು 900 ಡಿಗ್ರಿಗೆ ಹೋಯಿತು. ಕರಗಿರಬೇಕಿದ್ದ ತುಂಡು ಬಿಳಿಯಾಗಿ ಗಟ್ಟಿಯಾಗಿತ್ತು, ಚಿಮಟದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಅದೇ ವಂಶದ ಸಾಮಗ್ರಿ ಮುಂದೆ ಕ್ಷಿಪಣಿಯ ಮೂತಿಗೂ ಅಡುಗೆಮನೆಯ ಬಿಳಿ ಪಾತ್ರೆಗೂ ಬಂದಿತು. ಸಿಲಿಕಾನ್ ನೈಟ್ರೈಡ್ ಇವೆಲ್ಲಕ್ಕಿಂತ ಬಲಶಾಲಿ, ಮಳೆಯ ಪೆಟ್ಟಿಗೂ ಬಗ್ಗದು, ಆದರೆ ಮಾಡುವುದು ಕಷ್ಟ, ದುಬಾರಿ.

ನನ್ನ ಒಲವು ಫ್ಯೂಸ್ಡ್ ಸಿಲಿಕಾದ ಕಡೆಗೆ. ಅದು ಕಾವಿಗೆ ಹಿಗ್ಗುವುದೇ ಇಲ್ಲವೆನ್ನಬಹುದು. ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಿದರೂ ಸೀಳುವುದಿಲ್ಲ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯ ಮೂತಿ ಇದೇ ಸಾಮಗ್ರಿಯದು. ಬಲ ಕಡಿಮೆ ಎಂಬುದು ಅದರ ಕೊರತೆ, ನೀರು ಹೀರುತ್ತದೆ ಎಂಬುದು ಇನ್ನೂ ದೊಡ್ಡ ಕೊರತೆ.

ಫ್ಯೂಸ್ಡ್ ಸಿಲಿಕಾ ರೇಡೋಮನ್ನು ಹೇಗೆ ಮಾಡುತ್ತಾರೆ?

ಶುದ್ಧ ಬಿಳಿ ಮರಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಗಾಜು ಮಾಡಿ, ಅದನ್ನು ಒಡೆದು, ನೀರಿನೊಂದಿಗೆ ಗಿರಣಿಯಲ್ಲಿ ಕೆಲವೇ ಮೈಕ್ರಾನ್ ಆಗುವವರೆಗೆ ಅರೆಯುತ್ತಾರೆ. ಗಿರಣಿಯ ಒಳಮೈಯೂ ಗುಂಡುಗಳೂ ಸೆರಾಮಿಕ್ಕಿನದೇ ಆಗಿರಬೇಕು, ಏಕೆಂದರೆ ಕಬ್ಬಿಣದ ಗುಂಡಿನಿಂದ ಸವೆದ ಪುಡಿ ರೇಡಾರಿನ ಅಲೆಗೆ ಕಲ್ಲಿನಂತೆ ಅಡ್ಡಬರುತ್ತದೆ. ಹೀಗೆ ಬರುವ ದ್ರವಕ್ಕೆ ಸ್ಲಿಪ್ ಎಂದು ಹೆಸರು. ತೂಕದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಪುಡಿಯೇ ಇದ್ದರೂ ಅದು ದೋಸೆ ಹಿಟ್ಟಿನಂತೆ ಸಲೀಸಾಗಿ ಹರಿಯುತ್ತದೆ, ಇದನ್ನು ಮೊದಲ ಸಲ ನೋಡಿದವರು ನಂಬುವುದಿಲ್ಲ. ಜೇಡಿಯಂತೆ ಅಂಟಿನ ಹಂಗೂ ಇದಕ್ಕಿಲ್ಲ. ಅರೆಯುವಾಗ ಕರಗಿದ ತುಸು ಸಿಲಿಕಾವೇ ಒಣಗಿದ ಮೇಲೆ ಕಣಗಳನ್ನು ಹಿಡಿದುಕೊಳ್ಳುತ್ತದೆ. ನಿರ್ವಾತದಲ್ಲಿಟ್ಟು ಗುಳ್ಳೆಗಳನ್ನು ತೆಗೆದ ಮೇಲೆ ಸ್ಲಿಪ್ ಎರಕಕ್ಕೆ ಸಿದ್ಧ.

ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು, ನಮ್ಮಲ್ಲಿ ಗಣಪತಿ ಮೂರ್ತಿಗೆ ಬಳಸಿ ಹೊಳೆ ಹಾಳುಮಾಡಿದ ಅದೇ ಬಿಳಿಹುಡಿ. ಅಚ್ಚು ನೀರನ್ನು ಹೀರುತ್ತದೆ, ಪುಡಿ ಅಚ್ಚಿನ ಒಳಮೈಗೆ ಪದರಪದರವಾಗಿ ಕಟ್ಟುತ್ತದೆ. ಕಟ್ಟಿದ ಪದರವೇ ಮುಂದಿನ ನೀರಿಗೆ ಅಡ್ಡವಾಗುವುದರಿಂದ ಕೆಲಸ ಹೋಗಹೋಗುತ್ತ ನಿಧಾನವಾಗುತ್ತದೆ: ಮೊದಲ ಗಂಟೆಯಲ್ಲಿ 4 ಮಿ.ಮೀ. ಕಟ್ಟಿದರೆ 8 ಮಿ.ಮೀ. ಆಗಲು ಒಟ್ಟು ನಾಲ್ಕು ಗಂಟೆ ಬೇಕು, 12 ಮಿ.ಮೀ.ಗೆ ಒಂಬತ್ತು ಗಂಟೆ. ಬೇಕಾದ ದಪ್ಪಕ್ಕಿಂತ ತುಸು ಹೆಚ್ಚೇ ಕಟ್ಟಿದ ಮೇಲೆ ಉಳಿದ ಸ್ಲಿಪ್ಪನ್ನು ಹೊರಕ್ಕೆ ಹರಿಸುತ್ತಾರೆ. ಒಳಗೆ ಗಟ್ಟಿ ತಿರುಳನ್ನು ಇಳಿಬಿಟ್ಟು ಎರಡೂ ಮೈಯನ್ನು ಒಟ್ಟಿಗೆ ಕಟ್ಟಿಸುವ ವಿಧಾನವೂ ಇದೆ.

ಒಣಗಿಸುವುದರಲ್ಲಿ ಆತುರ ಮಾಡಬಾರದು. ಚಾಲಿ ಅಡಿಕೆಯನ್ನು ವಾರಗಟ್ಟಲೆ ಬಿಸಿಲಿಗೆ ಹರಡಿ ಒಣಗಿಸುವ ಶಿರಸಿಯ ತೋಟಿಗರಿಗೆ ಈ ತಾಳ್ಮೆಯನ್ನು ನಾನು ವಿವರಿಸಬೇಕಾಗಿಲ್ಲ. ಪೂರ್ತಿ ಒಣಗಿದ ಚಿಪ್ಪನ್ನು ಸುಮಾರು 1200 ಡಿಗ್ರಿಯಲ್ಲಿ ಕೆಲವು ಗಂಟೆ ಸುಡುತ್ತಾರೆ, ಕಣಗಳು ತಾಗಿದ ಜಾಗದಲ್ಲಿ ಬೆಸೆದುಕೊಳ್ಳುತ್ತವೆ. ಅಲ್ಯುಮಿನಾ ಸುಟ್ಟಾಗ ಉದ್ದದಲ್ಲಿ ನೂರಕ್ಕೆ ಹದಿನೈದಕ್ಕೂ ಹೆಚ್ಚು ಕುಗ್ಗಿದರೆ, ಸಿಲಿಕಾ ಒಂದೆರಡು ಪಾಲು ಮಾತ್ರ ಕುಗ್ಗುವುದರಿಂದ ಆಕಾರ ಕೆಡುವುದಿಲ್ಲ.

ಆದರೆ ಈ ಸುಡುವ ಹಂತದಲ್ಲಿಯೇ ಗಂಡಾಂತರವಿದೆ. ಕಾವು ಅತಿಯಾದರೆ ಅಥವಾ ಹೊತ್ತು ಮೀರಿದರೆ ಗಾಜು ಕ್ರಿಸ್ಟೋಬಲೈಟ್ ಎಂಬ ಹರಳಾಗಲು ತೊಡಗುತ್ತದೆ, ಮತ್ತು ಆ ಹರಳು ತಣಿಯುವಾಗ 200ರಿಂದ 270 ಡಿಗ್ರಿಯ ನಡುವೆ ಎಲ್ಲೋ ಒಂದೆಡೆ ಹಠಾತ್ತನೆ ಕುಗ್ಗಿ ಚಿಪ್ಪಿನ ತುಂಬ ಕೂದಲೆಳೆಯ ಬಿರುಕುಗಳನ್ನು ಬಿಡುತ್ತದೆ. ಈ ಹರಳುಗಟ್ಟುವಿಕೆಗೆ ಕುಮ್ಮಕ್ಕು ಕೊಡುವುದರಲ್ಲಿ ಸೋಡಿಯಂ ಎಲ್ಲಕ್ಕಿಂತ ಮುಂದು. ಬರಿಗೈಯ ಬೆವರಿನ ಉಪ್ಪೇ ಸಾಕು. ಆರಂಭದ ದಿನಗಳಲ್ಲಿ ನಾನೇ ಒಂದು ಮಾದರಿ ಚಿಪ್ಪನ್ನು ಕೈಗವಸಿಲ್ಲದೆ ಎತ್ತಿ ಕುಲುಮೆಗೆ ಇಟ್ಟಿದ್ದೆ. ಹೊರಬಂದಾಗ ಅದರ ಮೈಮೇಲೆ ನನ್ನ ಬಲಗೈಯ ನಾಲ್ಕು ಬೆರಳುಗಳು ಬಿಳಿಯ ಮಚ್ಚೆಗಳಾಗಿ ಮೂಡಿದ್ದವು, ಹೆಬ್ಬೆರಳಿನ ಜಾಗದಿಂದ ಒಂದು ಬಿರುಕು ಬುಡದವರೆಗೆ ಇಳಿದಿತ್ತು. ಯಾರನ್ನೂ ದೂರುವಂತಿರಲಿಲ್ಲ, ಗುರುತೇ ನನ್ನದಾಗಿತ್ತು.

ಸುಟ್ಟ ಚಿಪ್ಪನ್ನು ವಜ್ರದ ಚಕ್ರದಿಂದ ಒಳಗೂ ಹೊರಗೂ ಉಜ್ಜಿ ಲೆಕ್ಕದ ದಪ್ಪಕ್ಕೆ ತರುವುದು ಕೊನೆಯ ಹಂತಗಳಲ್ಲಿ ಒಂದು. ಅಂತಿಮವಾಗಿ ನೋಡುವುದು ಕ್ಯಾಲಿಪರ್ ತೋರಿಸುವ ದಪ್ಪವನ್ನಲ್ಲ, ಅಲೆಗೆ ಕಾಣುವ ದಪ್ಪವನ್ನು. ಸಾಂದ್ರತೆ ತುಸು ಹೆಚ್ಚಿರುವ ಕಡೆ ಅಲೆಗೆ ಗೋಡೆ ದಪ್ಪವಾಗಿ ಕಾಣುತ್ತದೆ, ಅಲ್ಲಿ ಇನ್ನಷ್ಟು ಉಜ್ಜಬೇಕು.

ಹೆಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಅಥವಾ ಕುಂಬಾರರ ಆವಿಗೆಯಲ್ಲಿ ಇದನ್ನು ಸುಡಬಹುದೇ?

ಆಗುವುದಿಲ್ಲ. ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿದೆ, ಅದೂ ಸೋಡಿಯಮ್ಮಿನಂತೆಯೇ ಹರಳುಗಟ್ಟಿಸುತ್ತದೆ. ಕಾವೂ ಎಲ್ಲೆಡೆ ಸಮನಾಗಿರುವುದಿಲ್ಲ. ಆದರೆ ನಮ್ಮ ಕಡೆಯ ಗುನಗರು ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ದನಿ ಕೇಳಿ ಒಳಬಿರುಕನ್ನು ಪತ್ತೆಹಚ್ಚುವ ವಿದ್ಯೆ ಇದೆಯಲ್ಲ, ಅದು ಇಲ್ಲಿಯೂ ಸಲ್ಲುತ್ತದೆ. ದೊಡ್ಡ ಯಂತ್ರಗಳಿಗೆ ಒಪ್ಪಿಸುವ ಮೊದಲು ನಾನು ಯಾವಾಗಲೂ ಒಮ್ಮೆ ತಟ್ಟಿ ಕೇಳುತ್ತಿದ್ದೆ.

ಕರಾವಳಿಯ ಮಳೆಗಾಲ ಈ ಕೆಲಸಕ್ಕೆ ತೊಂದರೆಯೇ?

ತೊಂದರೆಯೇ ಹೌದು, ಎರಡು ಕಡೆಯಿಂದ. ಮಾಡುವಾಗ, ಜುಲೈ ತಿಂಗಳಲ್ಲಿ ಹಾಸಿದ ಬಟ್ಟೆಯೇ ಒಣಗದ ಊರಿನಲ್ಲಿ ಪ್ಲಾಸ್ಟರ್ ಅಚ್ಚು ಒಣಗುವುದೆಂತು? ಒದ್ದೆ ಅಚ್ಚು ನೀರನ್ನು ಒಂದೇ ಸಮನಾಗಿ ಹೀರುವುದಿಲ್ಲ, ಗೋಡೆ ಒಂದು ಮಗ್ಗುಲಿಗೆ ತೆಳ್ಳಗಾಗುತ್ತದೆ. ಹಾಗೆಂದು ಜೋರಾಗಿ ಕಾಯಿಸಿದರೆ ಪ್ಲಾಸ್ಟರ್ ತನ್ನ ಹರಳಿನೊಳಗಿನ ನೀರನ್ನೇ ಕಳೆದುಕೊಂಡು ಪುಡಿಪುಡಿಯಾಗುತ್ತದೆ. 45ರಿಂದ 50 ಡಿಗ್ರಿಯ ಬೆಚ್ಚನೆಯ ಗಾಳಿ ಆಡಿಸುವುದೊಂದೇ ದಾರಿ. ಉಪ್ಪಿನ ಗಾಳಿಯನ್ನು ಹೊರಗಿಡಲು ಕೋಣೆ ಮುಚ್ಚಿರಬೇಕು.

ಮಾಡಿದ ಮೇಲೆ ಇನ್ನೊಂದು ತೊಂದರೆ. ಸುಟ್ಟ ಸಿಲಿಕಾದಲ್ಲಿ ನೂರಕ್ಕೆ ಹತ್ತರ ಆಸುಪಾಸು ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ, ಸಾಂದ್ರತೆ 2.2ರ ಬದಲು 2ರ ಹತ್ತಿರ ನಿಲ್ಲುತ್ತದೆ. ಆ ರಂಧ್ರಗಳಿಗೆ ನೀರು ಹೊಕ್ಕರೆ ಕೆಲಸ ಕೆಟ್ಟಿತು, ಏಕೆಂದರೆ ನೀರು ಈ ಅಲೆಗಳನ್ನು ಕುಡಿಯುತ್ತದೆ, ಸ್ಥಿರಾಂಕವನ್ನೂ ಏರಿಸುತ್ತದೆ. ಇದು ಹಳೆಯ ಶತ್ರು: ಎರಡನೆಯ ಮಹಾಯುದ್ಧದ ಕಾಲದ ಪ್ಲೈವುಡ್ ರೇಡೋಮ್‌ಗಳೂ ತೇವ ಹೀರಿಯೇ ಹೆಸರು ಕೆಡಿಸಿಕೊಂಡವು. ಆದ್ದರಿಂದ ಚಿಪ್ಪನ್ನು ಪೂರ್ತಿ ಒಣಗಿಸಿ, ಬಿಸಿಯಿರುವಾಗಲೇ ಸಿಲಿಕೋನ್ ರಾಳದಂತಹ ಲೇಪನದಿಂದ ರಂಧ್ರಗಳನ್ನು ಮುಚ್ಚುತ್ತಾರೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಈ ಲೇಪನವನ್ನು ಕಡೆಗಣಿಸುವುದು ಹೆಂಚಿಲ್ಲದ ಮನೆ ಕಟ್ಟಿದಂತೆ.

ಸೆರಾಮಿಕ್ ಚಿಪ್ಪನ್ನು ಲೋಹದ ಒಡಲಿಗೆ ಹೇಗೆ ಜೋಡಿಸುತ್ತಾರೆ?

ಮೊಳೆ ಹೊಡೆಯುವಂತಿಲ್ಲ, ಸ್ಕ್ರೂ ಬಿಗಿದರೆ ಸೀಳುತ್ತದೆ. 200 ಮಿ.ಮೀ. ವ್ಯಾಸದ ಉಕ್ಕಿನ ಬಳೆ 300 ಡಿಗ್ರಿ ಕಾದಾಗ ಸುಮಾರು 0.7 ಮಿ.ಮೀ. ಹಿಗ್ಗುತ್ತದೆ, ಸಿಲಿಕಾ ಹಿಗ್ಗುವುದು ಬರೀ 0.03 ಮಿ.ಮೀ. ಆ ವ್ಯತ್ಯಾಸದಲ್ಲಿ ಚಿಪ್ಪು ಒಡೆಯದೆ ಬೇರೆ ದಾರಿಯಿಲ್ಲ. ಅದಕ್ಕಾಗಿ ಇನ್ವಾರ್ ಎಂಬ, ನೂರಕ್ಕೆ 36 ಪಾಲು ನಿಕ್ಕಲ್ ಇರುವ ಕಬ್ಬಿಣದ ಮಿಶ್ರಲೋಹದ ಬಳೆಯನ್ನು ನಡುವೆ ಇಟ್ಟು, ರಬ್ಬರಿನಂತೆ ಬಗ್ಗುವ ಅಂಟಿನಿಂದ ಕೂಡಿಸುತ್ತಾರೆ. ಹಿಗ್ಗದ ಈ ಲೋಹವನ್ನು ಕಂಡುಹಿಡಿದ ಷಾರ್ಲ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತ್ತು.

ಬಿರುಕು ಬಿಟ್ಟದ್ದನ್ನು ರಿಪೇರಿ ಮಾಡಬಹುದೇ?

ಲೇಪನ ಕಿತ್ತಿದ್ದರೆ ಒಣಗಿಸಿ ಮತ್ತೆ ಬಳಿಯಬಹುದು. ಗೋಡೆಯೇ ಸೀಳಿದ್ದರೆ ಎಸೆಯಬೇಕು.

ಕೆಲಸಗಾರರ ಆರೋಗ್ಯಕ್ಕೆ ಅಪಾಯವಿದೆಯೇ?

ಇದೆ. ಹರಳುಗಟ್ಟಿದ ಸಿಲಿಕಾದ ನುಣುಪು ದೂಳು ಶ್ವಾಸಕೋಶಕ್ಕೆ ಹೊಕ್ಕು ಸಿಲಿಕೋಸಿಸ್ ತರುತ್ತದೆ, ಮತ್ತು ಅದಕ್ಕೆ ವಾಸಿಮಾಡುವ ಮದ್ದಿಲ್ಲ. ಗಾಜುರೂಪದ ಸಿಲಿಕಾ ಅಷ್ಟು ಘಾತುಕವಲ್ಲವಾದರೂ ಸುಟ್ಟ ತುಂಡಿನಲ್ಲಿ ಎಷ್ಟು ಹರಳಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಉಜ್ಜುವ ಕೆಲಸ ನೀರಿನ ಧಾರೆಯ ಕೆಳಗೇ ನಡೆಯಬೇಕು. ಮುಖಕ್ಕೆ ಟವೆಲು ಸುತ್ತಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು.

ಈ ವಿದ್ಯೆಯನ್ನು ಎಲ್ಲಿ ಕಲಿಯಬಹುದು? ಸಣ್ಣ ಉದ್ಯಮವಾಗಿ ನಡೆಸಬಹುದೇ?

ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು ಸೆರಾಮಿಕ್ ಮತ್ತು ಸಿಮೆಂಟ್ ತಂತ್ರಜ್ಞಾನಕ್ಕೆ ಬಹುಕಾಲದಿಂದ ಹೆಸರಾದದ್ದು. ಕೋಲ್ಕತ್ತದಲ್ಲಿ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಇದೆ. ಕ್ಷಿಪಣಿಯ ಮೂತಿಯ ಕೆಲಸದಲ್ಲಿ ಹೈದರಾಬಾದಿನ ರಿಸರ್ಚ್ ಸೆಂಟರ್ ಇಮಾರತ್ ಎಂಬ ರಕ್ಷಣಾ ಪ್ರಯೋಗಾಲಯ ತೊಡಗಿದೆ. ಫೈಬರ್ ರೇಡೋಮ್‌ಗಳಲ್ಲಿ ಬೆಂಗಳೂರಿನ ಎನ್‌ಎಎಲ್ (ವಿಮಾನ ವಿಜ್ಞಾನದ ರಾಷ್ಟ್ರೀಯ ಪ್ರಯೋಗಾಲಯ) ಪಳಗಿದೆ.

ಉದ್ಯಮದ ಮಾತಿಗೆ ಬಂದರೆ, ಕ್ಷಿಪಣಿಗೆ ಬಳಸುವ ಸೆರಾಮಿಕ್ ಸಾಮಗ್ರಿಯನ್ನು ವಿದೇಶಕ್ಕೆ ಮಾರಲು ಸ್ಕೋಮೆಟ್ ಪಟ್ಟಿಯ (ರಫ್ತಿಗೆ ನಿರ್ಬಂಧವಿರುವ ಸೂಕ್ಷ್ಮ ವಸ್ತುಗಳ ಪಟ್ಟಿ) ಅಡಿಯಲ್ಲಿ ಸರ್ಕಾರದ ಪರವಾನಗಿ ಬೇಕೇಬೇಕು. ಕ್ಷಿಪಣಿಯ ತಂತ್ರಜ್ಞಾನ ಹರಡದಂತೆ ತಡೆಯುವ ದೇಶಗಳ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟವನ್ನೂ ಭಾರತ 2016ರಲ್ಲಿ ಸೇರಿದೆ. ಒಂದು ಶೆಡ್ಡು, ಒಂದು ಸಾಲ ಎಂದು ಹೊರಡುವ ದಂಧೆ ಇದಲ್ಲ. ಎರಕದ ಕೈಚಳಕ ಕಲಿತವರಿಗೆ ಫ್ಯೂಸ್ಡ್ ಸಿಲಿಕಾದ ಮೂಸೆ, ಕುಲುಮೆಯ ಕೊಳವೆ ಮಾಡುವ ಕೆಲಸ ಮಾತ್ರ ತೆರೆದಿದೆ, ನನ್ನ ಕಣ್ಣಿಗೆ ಅದೇ ಹೆಚ್ಚು ಬುದ್ಧಿವಂತಿಕೆಯದು.

ಟಾಗೋರ್ ಕಡಲತೀರದ ಚಾಪಲ್ ನೌಕೆಯಲ್ಲಿ ರೇಡೋಮ್ ನೋಡಲು ಸಿಗುತ್ತದೆಯೇ?

ಚಾಪಲ್ ರಷ್ಯಾದ ಓಸಾ ವರ್ಗದ ಕ್ಷಿಪಣಿ ದೋಣಿ. ಆ ವರ್ಗದಲ್ಲಿ ಫಿರಂಗಿಗೆ ಗುರಿ ತೋರಿಸುವ ರೇಡಾರಿನ ಮೇಲೆ ಡೋಲಿನಾಕಾರದ ಹೊದಿಕೆ ಇರುತ್ತದೆ. ಅದು ರೇಡೋಮ್ ಹೌದು, ಸೆರಾಮಿಕ್ ಅಲ್ಲ.

ಮನೆಯಲ್ಲಿ ಮಾಡಿನೋಡುವಂತಹ ಪ್ರಯೋಗ ಏನಾದರೂ ಇದೆಯೇ?

ಮೈಕ್ರೊವೇವ್ ಒಲೆ ಇರುವವರು ಹಳೆಯ ಹೆಂಚಿನ ಎರಡು ಚೂರುಗಳನ್ನು ತೆಗೆದುಕೊಳ್ಳಿ. ಒಂದನ್ನು ಒಲೆಯ ಪಕ್ಕ ಎರಡು ದಿನ ಇಟ್ಟು ಚೆನ್ನಾಗಿ ಒಣಗಿಸಿ, ಇನ್ನೊಂದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ. ಎರಡನ್ನೂ ಒಂದು ಲೋಟ ನೀರಿನ ಜೊತೆಗೆ ಒಳಗಿಟ್ಟು ಅರ್ಧ ನಿಮಿಷ ಮಾತ್ರ ನಡೆಸಿ. ಅದಕ್ಕಿಂತ ಹೆಚ್ಚಾದರೆ ನೆನೆದ ಚೂರು ಸಿಡಿಯಬಹುದು. ಬಟ್ಟೆ ಹಿಡಿದು ಹೊರತೆಗೆಯಿರಿ. ಒಣಚೂರು ಹೆಚ್ಚುಕಡಿಮೆ ತಣ್ಣಗೇ ಇರುತ್ತದೆ, ನೆನೆದದ್ದು ಹಬೆಯಾಡುತ್ತಿರುತ್ತದೆ. ಹೆಂಚಿನ ಮಣ್ಣು ಎರಡರಲ್ಲಿಯೂ ಒಂದೇ. ಅಲೆಯನ್ನು ಕುಡಿದದ್ದು ಅದರ ರಂಧ್ರಗಳಲ್ಲಿ ಕುಳಿತ ನೀರು.